ಸುಲೋಚನಮ್ಮನವರ ಮನೆ ಮುಚ್ಚಿಲ್ಲ

ಚೇರಂಬಾಣೆಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಬದಿಯಲ್ಲಿ ಸುಲೋಚನಮ್ಮನವರು ಎರಡು ಕೊಠಡಿಗಳ ಹೋಂಸ್ಟೇ ನಡೆಸುತ್ತಾರೆ. ಪತಿ ತೀರಿಕೊಂಡ ಮೇಲೆ ತಾವೇ ಕಟ್ಟಿಕೊಂಡ ಬದುಕು ಅದು. ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಅವರು ಅತಿಥಿಗಳನ್ನು ಕರೆಯುವುದಿಲ್ಲ. ನಮ್ಮ ಭಾಗದಲ್ಲಿ ಇದು ಹೊಸತಲ್ಲ. ಕಳೆದ ಆಟಿಯಲ್ಲಿ ಟವರ್ ಕೆಟ್ಟು ಫೋನೂ ಸತ್ತಿತ್ತು. ಅಷ್ಟರಲ್ಲಿ ಅಂತರ್ಜಾಲದ ಹುಡುಕುಯಂತ್ರವೊಂದು, ಅವರನ್ನು ಒಂದು ಮಾತೂ ಕೇಳದೆ, ಆ ಮನೆಯ ಹೆಸರಿನ ಕೆಳಗೆ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದು ತೋರಿಸತೊಡಗಿತು. ಫೋನ್ ಎತ್ತದಿದ್ದುದೇ ಕಾರಣವೆನ್ನುವವರಿದ್ದಾರೆ. ಅದು ಊಹೆ. ಸುಲೋಚನಮ್ಮನವರು ‘ಮುಚ್ಚಿದೆ’ ಎನ್ನುವ ಯಾವ ಗುಂಡಿಯನ್ನೂ ಒತ್ತಿರಲಿಲ್ಲ ಎಂಬುದು ಮಾತ್ರ ಸಂಗತಿ.

ಅವರ ಸ್ವಂತ ಜಾಲತಾಣದಲ್ಲಿ ನಿಜವಿತ್ತು. ಅದನ್ನು ತೆರೆದು ಓದುವ ಶ್ರಮ ಯಾರಿಗೆ ಬೇಕು? ಮೇಲಿನ ಒಂದು ಸಾಲು ಕಂಡೊಡನೆ ಜನ ಬೇರೆ ಮನೆ ನೋಡುತ್ತಾರೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಜನ ತುಂಬಿದ್ದರೂ ಕೊಠಡಿಗಳು ಖಾಲಿ ಉಳಿದವು. ಸುಗ್ಗಿಹಬ್ಬ ಹುತ್ತರಿಯವರೆಗೂ ಹೀಗೇ ನಡೆದರೆ ಅವನ್ನು ಮೆಣಸಿನ ವ್ಯಾಪಾರಿಗೆ ಗೋದಾಮಾಗಿ ಕೊಡುವುದೊಂದೇ ದಾರಿ.

ಮಡಿಕೇರಿಯಲ್ಲಿ ಕಂಪ್ಯೂಟರ್ ಅಂಗಡಿಯಿಟ್ಟಿರುವ ಸೋದರಳಿಯ ಪ್ರಜ್ಞೇಶ್ ತಿದ್ದುಪಡಿ ಕಳುಹಿಸಿದ. ‘ದೃಢಪಟ್ಟಿಲ್ಲ’ ಎಂದು ಯಂತ್ರ ತಿರಸ್ಕರಿಸಿತು.

“ಹೊಸ ಹೆಸರಲ್ಲಿ ಶುರು ಮಾಡುವ ಅತ್ತೆ.”

“ಪುನರ್ಜನ್ಮಕ್ಕೆ ಮೊದಲು ಸಾಯ್ಬೇಕಲ್ಲ ಮಾರಾಯ? ನಾನು ಸತ್ತಿಲ್ಲ.”

“ಹಾಗಾದ್ರೆ ಹೊರಗಿನವರು ಹೇಳ್ಬೇಕು. ನಿಮ್ಮ ಮಾತನ್ನ ಅದು ನಂಬ್ತಿಲ್ಲ.”

ಇದನ್ನು ಬರೆಯುತ್ತಿರುವ ನಾನಾಗಿದ್ದರೆ, ನನ್ನ ಮನೆಯ ಇರುವಿಕೆಗೆ ಪರರ ಸಾಕ್ಷಿ ಬೇಕೆಂದರೆ ಕೋರ್ಟಿಗೆ ಹೋಗುತ್ತಿದ್ದೆ. ಸುಲೋಚನಮ್ಮನವರು ಗೇಟಿಗೆ ಹೋದರು.

ಮರುದಿನ ದಾರಿ ಕೇಳಲು ಮೈಸೂರಿನ ದಂಪತಿ ಕಾರು ನಿಲ್ಲಿಸಿದರು. ಬೋರ್ಡು ನೋಡಿ ಗಂಡ ಹೇಳಿದ: “ಇದು ಮುಚ್ಚಿದೆ ಅಂತ ಫೋನಲ್ಲಿ ಬರ್ತಿದೆಯಲ್ಲಮ್ಮ?”

“ಮತ್ತೆ ನೀವು ಮಾತಾಡ್ತಿರೋದು ಯಾರ ಹತ್ರ, ಪ್ರೇತದ ಹತ್ರವಾ? ಒಳಗೆ ಬನ್ನಿ. ಕಾಫಿ ಉಂಟು. ಆದ್ರೆ ಮೊದಲು ನಿಮ್ಮ ಫೋನಲ್ಲಿ ‘ತೆರೆದಿದೆ’ ಅಂತ ಬರೀರಿ.”

ದಂಪತಿ ನಕ್ಕರು. ಸುಲೋಚನಮ್ಮನವರು ನಗಲಿಲ್ಲ. ಬರೆದ ಮೇಲೆಯೇ ಕಾಫಿ ಬಂತು.

ಅಂದಿನಿಂದ ಆ ಜಗಲಿ ಹತ್ತಿದ ಯಾರಿಗೂ ವಿನಾಯಿತಿಯಿರಲಿಲ್ಲ, ನನಗೂ ಇರಲಿಲ್ಲ. ಹುತ್ತರಿಗೆ ಇನ್ನೂ ಒಂದು ವಾರವಿದ್ದಾಗ ‘ಮುಚ್ಚಲಾಗಿದೆ’ ಎಂಬ ಆ ಸಾಲು ಕಾಣೆಯಾಯಿತು. ಯಾರು ತೆಗೆದರೋ ತಿಳಿಯದು. ಕ್ಷಮೆ ಕೇಳಿದವರಂತೂ ಯಾರೂ ಇಲ್ಲ.

ಆ ಸಂಜೆ ಹಾಸನದಿಂದ ಫೋನ್ ಬಂತು: “ಹಬ್ಬಕ್ಕೆ ರೂಮ್ ಸಿಗುತ್ತಾ?”

“ಎರಡೂ ಗುಡಿಸಿಟ್ಟಿದ್ದೇನೆ,” ಎಂದರು ಸುಲೋಚನಮ್ಮ. “ಎಷ್ಟು ಜನ ಬರ್ತೀರಿ, ಅದು ಹೇಳಿ.”