ರವಿವಾರದ ಯುದ್ಧನೌಕೆ

ಬಾಹ್ಯಾಕಾಶದ ಯುದ್ಧನೌಕೆಗಳಲ್ಲಿ ಬಚ್ಚಲಮನೆ ಇರುವುದಿಲ್ಲ. ಇದು ನಾನು ವರ್ಷಗಟ್ಟಲೆ ಟಿವಿ ನೋಡಿ ಕಂಡುಕೊಂಡ ಸತ್ಯ. ಒಂದೊಂದು ನೌಕೆಯಲ್ಲೂ ಊರಿಗೆ ಊರೇ ಸಂಸಾರ ಹೂಡಿರುತ್ತದೆ, ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುತ್ತಿರುತ್ತದೆ, ತೋಪು ಇಡುವುದಕ್ಕೆ ಮೂಲೆಮೂಲೆಯಲ್ಲೂ ಜಾಗ ಮಾಡಿರುತ್ತಾರೆ. ಆದರೆ ಹೆಗಲ ಮೇಲೆ ಟವೆಲು ಹಾಕಿಕೊಂಡು ಹೋಗುವ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಅಲ್ಲಿ ಕಂಡಿಲ್ಲ. ಅಡಿಗೆಮನೆಯ ಗತಿಯೂ ಅಷ್ಟೇ. ಗೋಡೆಯಲ್ಲಿ ಒಂದು ಕಿಂಡಿ ತೆರೆಯುತ್ತದೆ, ನೀಲಿ ಬಣ್ಣದ ಏನೋ ಒಂದು ಹೊರಗೆ ಬರುತ್ತದೆ, ಅದನ್ನು ತಿಂದು ಯುದ್ಧಕ್ಕೆ ಹೊರಡುತ್ತಾರೆ. ಇಂಥ ಊಟ ಮಾಡುವವರು ಯುದ್ಧ ಮಾಡದೆ ಇನ್ನೇನು ಮಾಡಿಯಾರು?

ಇತಿಹಾಸ ಪಾಠ ಹೇಳುವ ಹೆಂಗಸಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆಲ್ಲ ನಮ್ಮವರು ಕಾರಣ.

ನಾನಾಗ ಹೈದರಾಬಾದಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಲಿಸುತ್ತಿದ್ದೆ. ಕುಷಾಯಿಗೂಡದಲ್ಲಿ ಬಾಡಿಗೆ ಮನೆ. ನಮ್ಮವರು ಗದಗಿನ ಕಡೆಯವರು, ಇಲೆಕ್ಟ್ರಾನಿಕ್ಸ್ ಇಂಜಿನಿಯರು. ಎತ್ತರದ ಕಂಪೌಂಡಿನ ಒಂದು ರಕ್ಷಣಾ ಘಟಕದಲ್ಲಿ ನೌಕರಿ. ಅದರ ಹೆಸರು ಬರೆದರೆ ಅವರಿಗೆ ಈಗಲೂ ಸೇರುವುದಿಲ್ಲ, ಆದ್ದರಿಂದ ಬಿಡಿ. ಕೆಲಸಕ್ಕೆ ಸೇರಿದ ದಿನವೇ, ಒಳಗಿನ ಮಾತು ಹೊರಗೆ ಆಡುವುದಿಲ್ಲ ಎಂದು ಸಹಿ ಮಾಡಿದ್ದರಂತೆ. ಬೇರೆಯವರೂ ಸಹಿ ಮಾಡಿರುತ್ತಾರೆ, ಹೆಂಡತಿಯ ಹತ್ತಿರ ಒಂದಿಷ್ಟು ಸಡಿಲು ಬಿಡುತ್ತಾರೆ. ನಮ್ಮವರದು ಮಾತ್ರ ಭೀಷ್ಮ ಪ್ರತಿಜ್ಞೆ.

ಮದುವೆಯಾದ ಹೊಸದರಲ್ಲಿ ನಾನೂ ಪ್ರಯತ್ನ ಮಾಡಿದೆ.

"ಇವತ್ತ ಏನ್ ಮಾಡಿದ್ರಿ?"

"ಕೆಲಸ."

"ಏನ್ ಕೆಲಸ?"

"ಡಬ್ಬಿ ಮಾಡ್ತೀವಿ."

"ಎಂಥಾ ಡಬ್ಬಿ?"

"ಚೌಕಂದು."

ಅಲ್ಲಿಗೆ ಮುಗಿಯಿತು. ಊಟದ ಡಬ್ಬಿಯನ್ನು ಗೇಟಿನಲ್ಲಿ ತೆರೆಸಿ ನೋಡುತ್ತಾರೆ ಎನ್ನುವುದೊಂದು ಮಾತ್ರ ಹೇಗೋ ಬಾಯಿ ತಪ್ಪಿ ಬಂದಿತ್ತು. ಅಂದರೆ, ನನ್ನ ಎಣಗಾಯಿ ಪಲ್ಯದ ವಿಚಾರ ದೇಶದ ಭದ್ರತೆಯವರಿಗೆ ಗೊತ್ತಿತ್ತು, ದೇಶದ ಭದ್ರತೆಯ ವಿಚಾರ ನನಗೆ ಗೊತ್ತಿರಲಿಲ್ಲ. ನಗಬೇಡಿ. ಬೆಳಗಿನಿಂದ ಸಂಜೆಯವರೆಗೆ ಗಂಡನ ತಲೆಯಲ್ಲಿ ಏನು ಓಡುತ್ತಿರುತ್ತದೆ, ಯಾವುದಕ್ಕೆ ಖುಷಿಪಟ್ಟ, ಯಾವುದಕ್ಕೆ ಕೈ ಹಿಚುಕಿಕೊಂಡ ಎಂದು ತಿಳಿಯದೆ ಬಾಳುವುದು ಒಂದು ಬಗೆಯ ಒಂಟಿತನವೇ. ಸವತಿಯಿದ್ದರೆ ಜಗಳವಾದರೂ ಆಡಬಹುದು. ಚೌಕ ಡಬ್ಬಿಯ ಜೊತೆ ಏನು ಜಗಳ ಆಡುವುದು? ನನಗೆ ಇವರ ಗುಟ್ಟು ಬೇಕಿರಲಿಲ್ಲ, ಇವರು ಬೇಕಿತ್ತು.

ಅಷ್ಟರಲ್ಲಿ ಓಣಿಗೆ ಕೇಬಲ್ ಬಂತು. ರವಿವಾರ ಬೆಳಿಗ್ಗೆ ಹಿಂದಿಗೆ ಡಬ್ ಮಾಡಿದ ಯಾವುದೋ ವಿದೇಶಿ ಧಾರಾವಾಹಿ ಬರುತ್ತಿತ್ತು. ನಾನು ಚವಳಿಕಾಯಿ ಸೋಸುತ್ತ ಕೂತಿದ್ದೆ, ಇವರು ಪೇಪರ್ ಓದುತ್ತಿದ್ದರು. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಮುಗಿಯದಷ್ಟು ಉದ್ದದ ಒಂದು ಯುದ್ಧನೌಕೆ ಗುಡುಗುಡು ಸದ್ದು ಮಾಡುತ್ತ ಬಂತು. ಪೇಪರ್ ಕೆಳಗಿಳಿಯಿತು.

"ಏ ಸುಮಿ, ನೋಡಿಲ್ಲಿ. ಇಡೀ ಜಹಾಜಿನ ಯಜಮಾನನ್ನ ಎಲ್ಲಾರಕಿಂತ ಮ್ಯಾಲೆ, ಕಾಜಿನ ಖಿಡಕಿ ಮುಂದ ಕುಂಡ್ರಿಸ್ಯಾರ. ವೈರಿನ್ನ ಕರದು ‘ಇಲ್ಲೇ ಹೊಡೀಪಾ’ ಅಂದಂಗ ಆತಲ್ಲ!"

ನಾನು ಚವಳಿಕಾಯಿ ಬಿಟ್ಟು ಇವರ ಮುಖ ನೋಡಿದೆ. ಇಷ್ಟುದ್ದದ ವಾಕ್ಯ ಇವರ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ.

"ನೋಡು ನೋಡು, ಗುಂಡು ಬಿದ್ದದ್ದು ಬಾಲಕ್ಕ, ಕಿಡಿ ಹಾರೋದು ಕ್ಯಾಪ್ಟನ್ನನ ಟೇಬಲ್ಲಿಗೆ! ನಮ್ಮ ಮನಿ ಮೀಟರಿಗೂ ಒಂದು ಫ್ಯೂಜ್ ಐತಿ. ಇವರ ಹಂತ್ಯಾಕ ಸೂರ್ಯನ್ನ ಸುಡೋ ತೋಪು ಐತಿ, ಫ್ಯೂಜ್ ಇಲ್ಲ."

ಅಂದಿನಿಂದ ರವಿವಾರ ನಮಗೆ ಹಬ್ಬವಾಯಿತು. ಸಹಿ ಮಾಡಿದ್ದು ನಮ್ಮ ದೇಶದ ಗುಟ್ಟಿಗೆ, ನಕ್ಷತ್ರಗಳಾಚೆಯ ಸಾಮ್ರಾಜ್ಯದ ಗುಟ್ಟಿಗಲ್ಲ. ಅಲ್ಲಿನ ಶಸ್ತ್ರಾಸ್ತ್ರಗಳ ಬಗ್ಗೆ ಇವರು ಧಾರಾಳವಾಗಿ ಮಾತಾಡಬಹುದಿತ್ತು. ಗಾಳಿಯೇ ಇಲ್ಲದ ಕಡೆ ತೋಪಿನ ಸದ್ದು ಹೇಗೆ ಕೇಳುತ್ತದೆ? ಮೇಲು ಕೆಳಗು ಎಂಬುದೇ ಇಲ್ಲದ ಆಕಾಶದಲ್ಲಿ ಎರಡು ನೌಕೆಗಳು ಎದುರಾದಾಗ ಎರಡೂ ನೆಟ್ಟಗೇ ನಿಂತಿರುತ್ತವಲ್ಲ, ಒಂದಾದರೂ ತಲೆಕೆಳಗಾಗಿ ಯಾಕೆ ಬರುವುದಿಲ್ಲ? "ಬೀಗರು ಎದುರಾದಾಗ ತಲಿಕೆಳಗಾಗಿ ನಿಲ್ಲತಾರೇನ್ರಿ?" ಎಂದು ನಾನು. ಪ್ರತಿ ಹೊಡೆತಕ್ಕೂ ಸಿಬ್ಬಂದಿಯೆಲ್ಲ ಕುರ್ಚಿಯಿಂದ ಉರುಳಿಬೀಳುತ್ತಾರೆ, ಮುಂದಿನ ವಾರವೂ ಅದೇ ಕುರ್ಚಿ, ಆಗಲೂ ಬೆಲ್ಟಿಲ್ಲ. ಎಲ್ಲಕ್ಕಿಂತ ದೊಡ್ಡ ಅಸ್ತ್ರವೊಂದಿರುತ್ತದೆ, ಅದನ್ನು ಕೊನೆಯ ಐದು ನಿಮಿಷದವರೆಗೆ ಮುಟ್ಟುವುದಿಲ್ಲ. "ಮೊದಲಽ ಹೊಡದಿದ್ರ ಇಷ್ಟು ಮಂದಿ ಸಾಯತಿದ್ದಿಲ್ಲಲ್ಲ" ಎಂದು ಇವರು ನಿಜವಾಗಿಯೂ ಸಂಕಟಪಡುತ್ತಿದ್ದರು.

ನನ್ನದೂ ಒಂದು ತಕರಾರಿತ್ತು. ವೈರಿಗಳ ನೌಕೆಗೆ ಕೊಂಬು, ಕೋರೆಹಲ್ಲು, ಚೇಳಿನ ಬಾಲ. ಒಳ್ಳೆಯವರದು ಬೆಳ್ಳಗೆ, ನುಣ್ಣಗೆ. ವೈರಿಗಳ ತೋಪಿನಿಂದ ಹಸಿರು ಬೆಂಕಿ, ಒಳ್ಳೆಯವರದರಿಂದ ನೀಲಿ. ಇತಿಹಾಸದಲ್ಲಿ ಇಷ್ಟು ಅನುಕೂಲವಿಲ್ಲ. ಅಲ್ಲಿ ಎರಡೂ ಕಡೆಯವರಿಗೆ ಕತ್ತಿ ಬಡಿದುಕೊಟ್ಟ ಕಮ್ಮಾರ ಒಬ್ಬನೇ ಇರಬಹುದು. ನನ್ನ ವಿದ್ಯಾರ್ಥಿನಿಯರು "ಮೇಡಂ, ಇವರಲ್ಲಿ ಒಳ್ಳೆಯವರು ಯಾರು?" ಎಂದು ಕೇಳಿದಾಗ ನಾನು ಎರಡೂ ಕಡೆಯವರ ಹೆಸರನ್ನು ಒಂದೇ ಬಣ್ಣದ ಸೀಮೆಸುಣ್ಣದಲ್ಲಿ ಬರೆದದ್ದುಂಟು.

ಒಮ್ಮೆ ನಾದಿನಿಯ ಗೃಹಪ್ರವೇಶಕ್ಕೆ ಪಾತ್ರೆ ಕೊಳ್ಳಲು ಬೇಗಂ ಬಜಾರಿಗೆ ಹೋಗಿದ್ದೆವು. ಸ್ಟೀಲ್ ಅಂಗಡಿಯಲ್ಲಿ ಇವರು ಒಂದು ಇಡ್ಲಿ ಸ್ಟ್ಯಾಂಡನ್ನು ಎತ್ತಿ ಬೆಳಕಿಗೆ ಹಿಡಿದು, ಗಂಭೀರವಾಗಿ, "ಈ ಜಹಾಜು ಹ್ವಾದ ವಾರ ಸ್ಫೋಟ ಆಗಿತ್ತಲ್ಲ?" ಎಂದರು. ನಾನು ಜಾಲರಿ ಸೌಟನ್ನು ಅದಕ್ಕೆ ಸೇರಿಸಿ ರಾಡಾರ್ ಮಾಡಿದೆ. ಎಣ್ಣೆ ಹಾಕುವ ಆಲಿಕೆ ಇಂಜಿನ್ ಆಯಿತು. ಅಂಗಡಿಯ ಸೇಠ್ ಮಿಕಿಮಿಕಿ ನೋಡುತ್ತಿದ್ದ. ಆ ದಿನ ಬಜಾರಿನ ನಟ್ಟನಡುವೆ ನಿಂತು ನಾವಿಬ್ಬರೂ ನಕ್ಕಷ್ಟು ಮದುವೆಯಾದ ಮೇಲೆ ಎಂದೂ ನಕ್ಕಿರಲಿಲ್ಲ. ನನಗೆ ಒಳಗೊಳಗೇ ಬಹಳ ಸಂತೋಷವಾಗಿತ್ತು.

ತೋಪಿನ ಮಾತಿಗೆ ಬಂದರೆ ನನ್ನ ತವರು ಕಡಿಮೆಯದಲ್ಲ. ನಾನು ವಿಜಾಪುರದವಳು. ನಮ್ಮ ಮುಲ್ಕಮೈದಾನ ತೋಪಿನ ಬಾಯಿ ಸಿಂಹದ್ದು, ಆ ಸಿಂಹದ ಬಾಯಲ್ಲಿ ಸಿಕ್ಕಿಕೊಂಡ ಆನೆ. ಟಿವಿಯವರ ಕೊಂಬು ಕೋರೆಯ ನೌಕೆಗಳಿಗೆಲ್ಲ ಅದು ಅಜ್ಜ. ಅಲ್ಲೇ ಪಕ್ಕದಲ್ಲಿ ಒಂದು ನೀರಿನ ಹೊಂಡ. ಬತ್ತಿಗೆ ಕಿಡಿ ತಾಗಿಸಿದವನು ಕಿವಿ ಉಳಿಸಿಕೊಳ್ಳಲು ಅದರಲ್ಲಿ ಮುಳುಗುತ್ತಿದ್ದನೆಂದು ನಮ್ಮೂರ ಗೈಡುಗಳು ಹೇಳುತ್ತಾರೆ. ಮದುವೆಯಾದ ವರ್ಷ ಇವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಸಿಂಹದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವರು ಹೊಂಡದ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. "ಹೊಡಿಯಾಂವನ ಕಿವಿ ಬಗ್ಗೆ ಯಾರೋ ಒಬ್ಬಾಂವ ವಿಚಾರ ಮಾಡ್ಯಾನ ನೋಡು. ಅಂವ ಖರೇ ಇಂಜಿನಿಯರು" ಎಂದಿದ್ದರು. ಎಂಥ ಗಂಡನನ್ನು ಕಟ್ಟಿಕೊಂಡಿದ್ದೇನೆ ಎಂಬುದರ ಒಂದು ಸುಳಿವು ಅಂದೇ ಸಿಕ್ಕಿತ್ತು. ಆಮೇಲೆ ಗೇಟು ಮುಚ್ಚಿತು.

ಹೀಗೆ ಎಷ್ಟೋ ರವಿವಾರಗಳಾದ ಮೇಲೆ ನನಗೊಂದು ವಿಚಿತ್ರ ಕಂಡಿತು. ಇವರು ನೌಕೆಯ ಮೂಗಿನಿಂದ ಬಾಲದವರೆಗೆ ಎಲ್ಲವನ್ನೂ ಆಡಿಕೊಳ್ಳುತ್ತಿದ್ದರು, ಒಂದೇ ಒಂದು ಸಾಮಾನಿನ ಹೊರತು. ಅದರ ಪ್ರಸ್ತಾಪ ಬಂದಾಗಲೆಲ್ಲ ಪೇಪರ್ ಮೇಲೇರುತ್ತಿತ್ತು. ಇಲ್ಲವೇ "ಚಹಾ ಆತೇನು?" ಮೊದಮೊದಲು ಕಾಕತಾಳೀಯ ಎಂದುಕೊಂಡೆ. ಆಮೇಲೆ ಬೇಕೆಂದೇ ಗಮನಿಸಿದೆ. ಪ್ರತಿ ಸಲವೂ ಅದೇ. ಹೊಗಳಿಕೆಯಿಲ್ಲ, ತೆಗಳಿಕೆಯಿಲ್ಲ, ಪೇಪರ್. ಶಾಸನ ಓದಿದವರಿಗೆ ಇದು ತಿಳಿದ ವಿದ್ಯೆ. ರಾಜ ತಾನು ಗೆದ್ದ ಊರುಗಳನ್ನೆಲ್ಲ ಸಾಲಾಗಿ ಕೆತ್ತಿಸಿ ನಡುವೆ ಒಂದೂರನ್ನು ಬಿಟ್ಟಿದ್ದರೆ, ನಾವು ಮೊದಲು ಹೋಗಬೇಕಾದದ್ದು ಆ ಊರಿಗೆ.

ಹಾಗೆ ನನಗೆ ಇವರ ಚೌಕ ಡಬ್ಬಿಯೊಳಗೆ ಏನಿದೆ ಎಂದು ತಿಳಿಯಿತು. ಅದು ಯಾವ ಸಾಮಾನು ಎಂದು ನಿಮಗೆ ಹೇಳುವುದಿಲ್ಲ. ಇವರು ನನಗೇ ಹೇಳಿಲ್ಲ, ನಾನು ಹೇಗೆ ಹೇಳಲಿ? ತಿಳಿದಿದೆ ಎಂದು ಇವರಿಗೂ ತೋರಗೊಡಲಿಲ್ಲ. ತೋರಿಸಿದ್ದರೆ ಗಾಬರಿಬಿದ್ದು ಕೇಬಲ್ಲನ್ನೇ ಕಿತ್ತುಹಾಕುತ್ತಿದ್ದರು.

ಅದೇ ಕಾಲಕ್ಕೆ ಊರಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ಅಮೀರ್‌ಪೇಟೆಯಲ್ಲಿ ಗೋಡೆ ಕಾಣದಷ್ಟು ಕೋರ್ಸುಗಳ ಬೋರ್ಡು. ಇವರ ಕಂಪೌಂಡಿನಿಂದಲೂ ಒಬ್ಬೊಬ್ಬರೇ ಸಾಫ್ಟ್‌ವೇರ್ ಕಂಪನಿಗಳಿಗೆ ಹಾರತೊಡಗಿದರು. ನಮ್ಮ ಮೇಲಿನ ಮನೆಯ ಪಂಕಜಾ, ಮೈಸೂರು ಕಡೆಯವಳು, ಅವಳ ಗಂಡನೂ ಹೋದ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮೊಸರು ತರಲಿಕ್ಕೂ ಹೊರಡುತ್ತಿದ್ದ. ಪಾಪ, ಒಳ್ಳೆಯವನು. ತಾನು ಮಾಡುವ ಕೆಲಸವನ್ನು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ವಿವರಿಸುತ್ತಿದ್ದ, ಒಬ್ಬರಿಗೂ ತಿಳಿಯುತ್ತಿರಲಿಲ್ಲ.

ಇವರಿಗೂ ಕರೆ ಬಂದಿತ್ತು. "ಇನ್ನೊಂದೀಟು ಐತಿ, ಮುಗಿಸಿ ನೋಡೂಣು" ಅನ್ನುತ್ತಿದ್ದರು. ಏನು ಮುಗಿಯಬೇಕಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಒಂದು ಶನಿವಾರ ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ ಪಂಕಜಾ ಹೇಳಿದಳು: "ಅಲ್ಲ ಸುಮಿತ್ರಾ, ನಿಮ್ಮೋರ ಸೆಕ್ಷನ್ ಮುಚ್ಚಿಬಿಟ್ರಂತಲ್ಲ? ಅವರು ಮಾಡ್ತಿದ್ದದ್ದನ್ನ ಇನ್ಮೇಲೆ ಹೊರದೇಶದಿಂದಾನೇ ತರಿಸ್ತಾರಂತೆ. ನಮ್ಮೋರಿಗೆ ಹಳೇ ಫ್ರೆಂಡ್ಸ್ ಹೇಳಿದ್ರು. ನಿಮಗೆ ಗೊತ್ತಿಲ್ವಾ?"

"ಗೊತ್ತೈತಿ" ಎಂದೆ. ಗೊತ್ತಿರಲಿಲ್ಲ. ನನ್ನ ಮನೆಯ ದುಃಖ ನನಗಿಂತ ಮೊದಲು ಮೇಲಿನ ಮನೆಗೆ ತಲುಪಿತ್ತಲ್ಲ ಎಂದು ಸಿಟ್ಟು ಬಂತು. ಕೆಳಗಿಳಿದು ಬಂದರೆ ಇವರು ಬೂಟು ಸಹ ಕಳಚದೆ ಕೂತಿದ್ದರು. ಸಿಟ್ಟು ಎಲ್ಲಿ ಹೋಯಿತೋ. ರೊಟ್ಟಿ ಮುರಿದಂತೆ ಮಾಡಿ ಎದ್ದರು, ಮಲಗಿದರು. ಏನಾದರೂ ಹೇಳಿಯಾರು ಎಂದು ಕಾದೆ.

ಮರುದಿನ ಎಂದಿನಂತೆ ಧಾರಾವಾಹಿ. ನೌಕೆ ಗುಡುಗಿತು, ಕ್ಯಾಪ್ಟನ್ನನ ಟೇಬಲ್ಲಿನಿಂದ ಕಿಡಿ ಹಾರಿತು, ಸಿಬ್ಬಂದಿ ಉರುಳಿತು. ಇವರ ಬಾಯಿಂದ ಒಂದು ಮಾತಿಲ್ಲ. ಜಾಹೀರಾತು ಬಂದಾಗ ಪರದೆಯಿಂದ ಕಣ್ಣು ತೆಗೆಯದೆಯೇ ಶುರುಮಾಡಿದರು.

"ಸುಮಿ, ಈ ಜಹಾಜಿನ್ಯಾಗ ಒಬ್ಬಾಂವ ಇದ್ದಾನ ಅಂತ ತಿಳಕೋ. ಟಿವಿಯೊಳಗ ಅವನ್ನ ತೋರಸೂದಿಲ್ಲ. ಕೆಳಗ ಎಲ್ಲೋ ಕುಂತು ಒಂದು ಸಾಮಾನು ಮಾಡಾಕತ್ತಾನ, ಭಾಳ ವರ್ಷದಿಂದ. ಇನ್ನೇನು ಮುಗೀತು ಅನ್ನೂದ್ರಾಗ ಕ್ಯಾಪ್ಟನ್ ಬಂದು, ‘ಬ್ಯಾಡ ಬಿಡು, ಬ್ಯಾರೆ ಕಡೆಯಿಂದ ತರಸ್ತೀವಿ’ ಅಂದ್ರ ಅಂವ ಏನ್ ಮಾಡಬೇಕು?"

ನಾನೂ ಪರದೆಯ ಕಡೆಗೇ ನೋಡುತ್ತ ಕೇಳಿದೆ: "ಅಂವಗ ಹೇಂತಿ ಇದ್ದಾಳೇನ್ರಿ ಜಹಾಜಿನ್ಯಾಗ?"

"ಇದ್ದಾಳ."

"ಆ ಸಾಮಾನು ಏನಂತ ಆಕಿಗೆ ಗೊತ್ತೈತೇನು?"

"ಇಲ್ಲ. ಹೇಳುವಂಗಿಲ್ಲ ಅಂವ."

"ಆಕಿಗೆ ಗೊತ್ತೈತಿ ಅಂತ ತಿಳಕೋರಿ."

ಇವರು ಗಕ್ಕನೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಕಂಡದ್ದು ಮೊದಲು ಭಯವೇ. "ನಾ ನಿನಗ ಏನೂ ಹೇಳಿಲ್ಲ!" ಎಂದು ಗೇಟಿನ ಪಹರೆಯವನ ಮುಂದೆ ನಿಂತವರ ಹಾಗೆ ಎರಡೂ ಕೈ ಎತ್ತಿದರು.

"ನೀವು ಒಂದ್ ಅಕ್ಷರ ಹೇಳಿಲ್ರಿ. ಅದರ ಮಾತು ಬಂದಾಗೊಮ್ಮೆ ಪೇಪರ್ ಹಿಡೀತಿದ್ರಿ, ಅಷ್ಟಽ."

ಎತ್ತಿದ ಕೈ ನಿಧಾನವಾಗಿ ಕೆಳಗಿಳಿಯಿತು. ಇವರು ಏನೋ ಲೆಕ್ಕ ಹಾಕುತ್ತಿರುವುದು ಕಂಡಿತು. ಎಷ್ಟು ರವಿವಾರ, ಎಷ್ಟು ಸಲ ಎಂದಿರಬೇಕು. ನಾನು ಏನೆಂದು ಹೆಸರಿಸಲಿಲ್ಲ, ಅವರೂ ಸರಿಯೋ ತಪ್ಪೋ ಎಂದು ಕೇಳಲಿಲ್ಲ. ಕೊನೆಗೆ ನನಗೆ ಕೇಳಬೇಕಾಗಿದ್ದದ್ದನ್ನು ಮಾತ್ರ ಕೇಳಿದೆ.

"ಛಲೋ ಆಗಿತ್ತೇನ್ರಿ?"

ಇಂಜಿನಿಯರು ನೋಡಿ, ಪೂರ್ತಿ ಯೋಚಿಸಿದರು. ಅಷ್ಟರಲ್ಲಿ ಕಣ್ಣು ತುಂಬಿತ್ತು.

"ಭಾಳ ಛಲೋ ಆಗಿತ್ತು, ಸುಮಿ."

ಜಾಹೀರಾತು ಮುಗಿದು ಟಿವಿಯಲ್ಲಿ ಮತ್ತೆ ಯುದ್ಧ ಶುರುವಾಯಿತು. ಯಾರು ಗೆದ್ದರೋ, ನಾವಿಬ್ಬರೂ ನೋಡಲಿಲ್ಲ. ತಮ್ಮ ನೌಕರಿಯ ಬಗ್ಗೆ ನಮ್ಮವರು ನನಗೆ ಬಾಯಿಬಿಟ್ಟು ಹೇಳಿದ್ದು ಇಷ್ಟೇ, ಅಂದಿಗೂ ಇಷ್ಟೇ, ಇಂದಿಗೂ ಇಷ್ಟೇ. ಗಂಡನ ಕೆಲಸದ ವಿಷಯದಲ್ಲಿ ಹೆಂಡತಿಗೆ ಇದಕ್ಕಿಂತ ಹೆಚ್ಚು ತಿಳಿದಿರಬೇಕಾದ್ದು ಏನಿದೆ ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಇನ್ನೂ ಏನೂ ಹೊಳೆದಿಲ್ಲ.