ಇಪ್ಪತ್ತರ ಮೇಲೆ ಇನ್ನೊಂದು ಎಲೆ

ಕೋವಿಡ್ ಕಾಲದ ಬೀಗ ತೆಗೆದು ಊರು ಮೊದಲಿನಂತೆ ನಡೆಯತೊಡಗಿದ ವರ್ಷ ಅದು. ನಾನು ಸಕಲೇಶಪುರದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಹಿಂದಿನ ಬೇಸಿಗೆಯಲ್ಲಿ ನಮ್ಮ ಯಜಮಾನರು ತೀರಿಕೊಂಡಿದ್ದರು. ನಾನು ಪಾಠ ಮಾಡುತ್ತಿದ್ದೆ, ಉತ್ತರಪತ್ರಿಕೆ ತಿದ್ದುತ್ತಿದ್ದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೆ. ಅಳು ಬರುತ್ತಿರಲಿಲ್ಲ. ಬೇರೆ ಏನೂ ಬರುತ್ತಿರಲಿಲ್ಲ. ಮಾತಾಡಿಸಲು ಬಂದವರು ‘ಗಟ್ಟಿ ಹೆಂಗಸು’ ಎಂದು ಹೊಗಳಿ ಹೋಗುತ್ತಿದ್ದರು.

ಅಂಥ ದಿನಗಳಲ್ಲಿ ದೇವರಾಜ್ ನಮ್ಮ ಮನೆಗೆ ಬಂದರು. ಹಾನುಬಾಳಿನ ಹತ್ತಿರ ಅವರದೊಂದು ಎಸ್ಟೇಟ್ ಇತ್ತು. ಊರ ಹೊರಗಿನ ಕ್ಲಬ್ಬಿಗೆ ಅವರೇ ಸೆಕ್ರೆಟರಿ. ಯಜಮಾನರೂ ಆ ಕ್ಲಬ್ಬಿನ ಸದಸ್ಯರಾಗಿದ್ದರು, ಶನಿವಾರ ತಪ್ಪಿಸುತ್ತಿರಲಿಲ್ಲ. ದೇವರಾಜ್ ಸಂತಾಪದ ಮಾತು ಬೇಗ ಮುಗಿಸಿ ವಿಷಯಕ್ಕೆ ಬಂದರು. ಕ್ಲಬ್ಬಿನ ವಾರ್ಷಿಕ ಇಸ್ಪೀಟು ಪಂದ್ಯದಲ್ಲಿ ಮೋಸ ನಡೆದಿದೆ, ಅದನ್ನು ಕಂಪ್ಯೂಟರ್ ಲೆಕ್ಕದಿಂದ ಖಚಿತ ಮಾಡಿಕೊಡಬೇಕು ಎಂದರು.

ಆಟದ ಹೆಸರು ಇಪ್ಪತ್ತೊಂದು. ಹೊರಗೆ ಇದನ್ನು ಬ್ಲ್ಯಾಕ್‌ಜಾಕ್ ಎನ್ನುತ್ತಾರೆ. ಆಟಗಾರನಿಗೆ ಎರಡು ಎಲೆ, ಎಲೆ ಹಂಚುವ ಬ್ಯಾಂಕಿಗೆ ಎರಡು ಎಲೆ. ರಾಜ, ರಾಣಿ, ಗುಲಾಮನಿಗೆ ಹತ್ತರ ಬೆಲೆ. ಎಕ್ಕವನ್ನು ಒಂದು ಎಂದಾದರೂ ಹನ್ನೊಂದು ಎಂದಾದರೂ ಎಣಿಸಬಹುದು. ಬೇಕಾದರೆ ಇನ್ನಷ್ಟು ಎಲೆ ಕೇಳಿ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಿದರೆ ಸೋಲು. ಒಂದೇ ಬೆಲೆಯ ಎರಡು ಎಲೆ ಬಂದರೆ ಅವನ್ನು ಒಡೆದು, ಪಣಕ್ಕೆ ಇನ್ನೊಂದು ಬಿಲ್ಲೆ ಇಟ್ಟು, ಎರಡು ಕೈ ಆಡಬಹುದು. ಬೇರೆ ಕಡೆ ಬ್ಯಾಂಕಿನ ಒಂದು ಎಲೆ ಮುಚ್ಚಿರುತ್ತದೆ. ಈ ಕ್ಲಬ್ಬಿನಲ್ಲಿ ಎರಡೂ ತೆರೆದಿರುತ್ತಿದ್ದವು. ಆ ಅನುಕೂಲಕ್ಕೆ ಬದಲಾಗಿ, ಇಬ್ಬರ ಮೊತ್ತ ಸಮವಾದರೆ ಬ್ಯಾಂಕಿಗೆ ಗೆಲುವು. ಆಡುತ್ತಿದ್ದುದು ಪ್ಲಾಸ್ಟಿಕ್ ಬಿಲ್ಲೆಗಳಿಗೆ. ಕೊನೆಯಲ್ಲಿ ಯಾರ ಬಳಿ ಹೆಚ್ಚು ಬಿಲ್ಲೆ ಇರುತ್ತದೋ ಅವರಿಗೆ ಒಂದು ಶೀಲ್ಡ್, ಅಷ್ಟೇ.

ಆ ವರ್ಷ ಗೆದ್ದವರು ಇಕ್ಬಾಲ್. ಸಕಲೇಶಪುರದಲ್ಲಿ ಲಾರಿ ವ್ಯವಹಾರ ಇಟ್ಟುಕೊಂಡಿದ್ದವರು. ಬ್ಯಾಂಕಿನ ಪರವಾಗಿ ಎಲೆ ಹಂಚಿದವರು ಶಿವಣ್ಣ. ಆಲೂರು ತಾಲ್ಲೂಕಿನ ಮಗ್ಗೆಯವರು, ಕ್ಲಬ್ಬಿನಲ್ಲಿ ಮಾರ್ಕರ್, ಅಂದರೆ ಬಿಲಿಯರ್ಡ್ಸ್ ಟೇಬಲ್ಲನ್ನೂ ಇಸ್ಪೀಟಿನ ಟೇಬಲ್ಲನ್ನೂ ನೋಡಿಕೊಳ್ಳುವ ನೌಕರ. ಫೈನಲ್‌ನಲ್ಲಿ ಇಕ್ಬಾಲ್ ಕೈಯಲ್ಲಿ ಒಂಬತ್ತು, ಆರು, ಐದು ಸೇರಿ ಇಪ್ಪತ್ತು ಇತ್ತು. ಬ್ಯಾಂಕಿನ ಮುಂದೆಯೂ ಇಪ್ಪತ್ತು. ಇಕ್ಬಾಲ್ ಇನ್ನೊಂದು ಎಲೆ ಕೇಳಿದರು. ಎಕ್ಕ ಬಂತು. ಸ್ವಲ್ಪ ಹೊತ್ತಿನ ನಂತರ ಅವರಿಗೆ ಎರಡು ರಾಜ ಬಂದವು, ಬ್ಯಾಂಕಿನ ಮುಂದೆ ಹದಿನಾರು. ಇಕ್ಬಾಲ್ ಆ ಇಪ್ಪತ್ತನ್ನು ಒಡೆದು ಎರಡು ಕೈ ಮಾಡಿ ಎರಡನ್ನೂ ಗೆದ್ದರು.

“ತಲೆ ನೆಟ್ಟಗಿರೋನು ಯಾರಾದ್ರೂ ಇಪ್ಪತ್ತರ ಮೇಲೆ ಎಲೆ ಕೇಳ್ತಾನಾ ಮೇಡಂ?” ಎಂದರು ದೇವರಾಜ್. “ಮುಂದಿನ ಎಲೆ ಎಕ್ಕ ಅಂತ ಗೊತ್ತಿದ್ರೆ ಮಾತ್ರ ಕೇಳ್ತಾನೆ. ಶಿವಣ್ಣ ಸನ್ನೆ ಮಾಡಿದಾನೆ.”

ಶಿವಣ್ಣನನ್ನು ಕೆಲಸದಿಂದ ನಿಲ್ಲಿಸಿ, ಕ್ಲಬ್ಬಿನ ಹಿಂದಿನ ಕ್ವಾರ್ಟರ್ಸ್ ಖಾಲಿ ಮಾಡಲು ಹೇಳಿದ್ದರು. ಇಕ್ಬಾಲ್ ಅವರ ಶೀಲ್ಡ್ ತಡೆಹಿಡಿದಿದ್ದರು. ಕಮಿಟಿ ಕೂತು ಇಬ್ಬರನ್ನೂ ಖಾಯಂ ಆಗಿ ಹೊರಹಾಕುವುದೊಂದು ಬಾಕಿ ಇತ್ತು.

ಮೊದಲನೆಯ ಆಟಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಸಮವಾದರೆ ಸೋಲು ಎಂದ ಮೇಲೆ ಇಪ್ಪತ್ತಕ್ಕೆ ನಿಂತವನು ಖಂಡಿತ ಸೋಲುತ್ತಾನೆ. ಎಲೆ ಕೇಳಿದರೆ ಸುಮಾರು ಹನ್ನೆರಡರಲ್ಲಿ ಒಂದು ಸಲ ಎಕ್ಕ ಬಂದು ಗೆಲ್ಲುತ್ತಾನೆ. ಇದನ್ನು ಅಲ್ಲೇ ಹೇಳಿದೆ. ದೇವರಾಜ್ ತಲೆಯಾಡಿಸಿದರು, ನಂಬಲಿಲ್ಲ. ಬಾಯಿಮಾತು ಕಮಿಟಿಗೆ ಸಾಲದು, ಎರಡು ರಾಜ ಒಡೆದದ್ದಕ್ಕೂ ಉತ್ತರ ಬೇಕು ಎಂದರು. ಒಪ್ಪಿಕೊಂಡೆ. ಆಸಕ್ತಿಯಿಂದ ಒಪ್ಪಿದ್ದಲ್ಲ. ಬೇಡ ಎನ್ನಲು ಕಾರಣ ಹುಡುಕಬೇಕಿತ್ತು, ಅದಕ್ಕೆ ಶಕ್ತಿ ಇರಲಿಲ್ಲ.

ಇಂಥ ಕಡೆ ಬಳಸುವ ವಿಧಾನ ಸಿಮ್ಯುಲೇಶನ್. ಕೈಲೆಕ್ಕ ತೀರಾ ಕವಲೊಡೆದಾಗ ಆಟವನ್ನೇ ಕಂಪ್ಯೂಟರಿನಲ್ಲಿ ಲಕ್ಷಾಂತರ ಸಲ ಆಡಿಸಿ, ಯಾವ ನಿರ್ಧಾರಕ್ಕೆ ಎಷ್ಟು ಫಲ ಎಂದು ನೋಡುವುದು. ಅದಕ್ಕೆ ನಿಯಮಗಳು ಕೂದಲೆಳೆಯಷ್ಟೂ ತಪ್ಪದೆ ಗೊತ್ತಿರಬೇಕು. ದೇವರಾಜ್ ಹೇಳಿದ ನಿಯಮಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಂಚಿದವರನ್ನೇ ಕೇಳೋಣವೆಂದು ಒಂದು ಭಾನುವಾರ ಬೆಳಿಗ್ಗೆ ಮಗ್ಗೆಗೆ ಬಸ್ಸು ಹಿಡಿದೆ.

ಶಿವಣ್ಣ ತಮ್ಮನ ಮನೆಯ ಜಗಲಿಯಲ್ಲಿ ಕೂತು ಜೋಳದ ತೆನೆ ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಯಜಮಾನರ ಮಣ್ಣಿಗೆ ಬರಲಾಗಲಿಲ್ಲ ಎಂದು ಹೇಳಿ ಮತ್ತೆ ಕೂತರು. ನಾನು ಕೇಳಿದ್ದಕ್ಕೆಲ್ಲ ತೆನೆಯಿಂದ ಕಣ್ಣೆತ್ತದೆ ಉತ್ತರ ಕೊಟ್ಟರು. ಒಂದೇ ಕಟ್ಟು ಎಲೆ. ಪ್ರತಿ ಆಟಕ್ಕೂ ಹೊಸದಾಗಿ ಕಲಸುವುದು. ಬ್ಯಾಂಕು ಹದಿನಾರರವರೆಗೆ ಎಲೆ ತೆಗೆದುಕೊಳ್ಳಲೇಬೇಕು, ಹದಿನೇಳಕ್ಕೆ ನಿಲ್ಲಲೇಬೇಕು. ಎಲ್ಲ ಮುಗಿದ ಮೇಲೆ, ಸನ್ನೆ ಮಾಡಿದಿರಾ ಎಂದು ಕೇಳಿದೆ.

“ಎಲೆ ಕವುಚಿ ಇರ್ತೈತೆ ಮೇಡಂ. ನಂಗೆಲ್ಲಿ ಕಾಣ್ತೈತೆ?” ಎಂದರು. ಸ್ವಲ್ಪ ಹೊತ್ತು ತೆನೆ ಬಿಡಿಸಿ, “ಈ ಮಾತ್ನ ಕೇಳಿದ್ದು ನೀವೊಬ್ರೇಯ. ಅವ್ರು ಯಾರೂ ಕೇಳ್ನಿಲ್ಲ. ಮನೆ ಖಾಲಿ ಮಾಡು ಅಂದ್ಬುಟ್ರು” ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ದನಿ ನನಗೆ ಪರಿಚಯವಿತ್ತು. ಇತ್ತೀಚೆಗೆ ನಾನೂ ಹಾಗೇ ಮಾತಾಡುತ್ತಿದ್ದೆ.

ಇಕ್ಬಾಲ್ ಅವರನ್ನು ಮಾರನೆಯ ದಿನ ಕಾಲೇಜು ಮುಗಿಸಿ ಅವರ ಆಫೀಸಿನಲ್ಲೇ ಕಂಡೆ. ಲಾಕ್‌ಡೌನಿನಲ್ಲಿ ಲಾರಿಗಳು ನಿಂತಿದ್ದಾಗ ಮನೆಯಲ್ಲಿ ಹೆಂಡತಿಯನ್ನು ಬ್ಯಾಂಕು ಮಾಡಿ ಕೂರಿಸಿಕೊಂಡು ಇದೇ ಆಟ ಆಡಿದ್ದರಂತೆ. “ಸಮ ಆದ್ರೆ ಸೋಲು ಅಂತ ರೂಲ್ಸ್ ಮಾಡಿರೋದೇ ಅವ್ರು” ಎಂದರು. “ಸುಮ್ನೆ ಕೂತು ಯಾಕೆ ಸೋಲ್ಲಿ ಮೇಡಂ?” ಶೀಲ್ಡ್ ಹೋದರೆ ಹೋಗಲಿ, ಶಿವಣ್ಣನ ಅನ್ನ ಹೋಗಬಾರದು ಎಂದೂ ಹೇಳಿದರು.

ಲ್ಯಾಪ್‌ಟಾಪ್ ಮುಂದೆ ಕೂತೆ. ಕಟ್ಟು ಕಲಸುವುದು, ಹಂಚುವುದು, ಎಕ್ಕವನ್ನು ಎರಡು ರೀತಿ ಎಣಿಸುವುದು, ಎಲ್ಲ ಬರೆದು ಓಡಿಸಿದರೆ ಆಟಗಾರ ಗೆಲ್ಲುತ್ತಲೇ ಹೋದ. ಬ್ಯಾಂಕು ಬರಿದಾಗುವ ಆಟವನ್ನು ಯಾವ ಕ್ಲಬ್ಬೂ ವರ್ಷಗಟ್ಟಲೆ ಆಡುವುದಿಲ್ಲ. ಸಾಲು ಸಾಲು ನೋಡುತ್ತ ಹೋದೆ. ಸಮವಾದರೆ ಬಿಲ್ಲೆ ವಾಪಸ್ಸು ಎಂದು, ಬೇರೆ ಕಡೆ ಇರುವ ರೂಢಿಯಂತೆ ಬರೆದುಬಿಟ್ಟಿದ್ದೆ. ಅದೊಂದು ಸಾಲು ತಿದ್ದಿದ ಮೇಲೆ ಆಟ ಪೂರ್ತಿ ತಿರುಗಿತು. ಬ್ಯಾಂಕಿನ ಎಲೆ ಕಾಣುವುದರಿಂದ ಬರುವ ಲಾಭವನ್ನೆಲ್ಲ ಆ ನಿಯಮ ನುಂಗಿಹಾಕುತ್ತಿತ್ತು.

ಆಮೇಲೆ ವಿವಾದದ ಎರಡನೆಯ ಆಟ. ಕೈಯಲ್ಲಿ ಎರಡು ರಾಜ, ಬ್ಯಾಂಕಿಗೆ ಹದಿನಾರು. ನಿಲ್ಲುವುದನ್ನು ಹತ್ತು ಲಕ್ಷ ಸಲ, ಒಡೆಯುವುದನ್ನು ಹತ್ತು ಲಕ್ಷ ಸಲ ಆಡಿಸಿದೆ. ಹದಿನಾರು ಬ್ಯಾಂಕಿಗೆ ಕೆಟ್ಟ ಮೊತ್ತ. ಎಲೆ ತೆಗೆಯಲೇಬೇಕು, ಹೆಚ್ಚಿನ ಸಲ ಇಪ್ಪತ್ತೊಂದು ದಾಟುತ್ತದೆ. ಒಂದೊಂದೇ ಬಿಲ್ಲೆ ಇಟ್ಟು ನಿಂತರೆ ನೂರು ಆಟಕ್ಕೆ ಸುಮಾರು ಎಪ್ಪತ್ತು ಬಿಲ್ಲೆ ಲಾಭ. ಒಡೆದರೆ ಸುಮಾರು ಎಂಬತ್ತು. ಇಕ್ಬಾಲ್ ಮಾಡಿದ್ದು ಹುಚ್ಚಾಟವಲ್ಲ, ಇದ್ದುದರಲ್ಲಿ ಒಳ್ಳೆಯ ಆಟ.

ಹೋಲಿಕೆಗೆ ಕ್ಲಬ್ಬಿನ ಸಾಮಾನ್ಯ ಆಟಗಾರನೊಬ್ಬನನ್ನೂ ಬರೆಯಬೇಕಿತ್ತು. ನನಗೆ ಗೊತ್ತಿದ್ದುದು ಒಬ್ಬರ ಆಟ ಮಾತ್ರ. ಯಜಮಾನರು ಹದಿನೇಳು ಬಂದರೆ ನಿಂತುಬಿಡುತ್ತಿದ್ದರು, ಎದುರಿಗೆ ಏನೇ ಕಾಣಲಿ. ಜೋಡಿ ಎಲೆ ಒಡೆಯುವುದು ಅವರಿಗೆ ಸೇರುತ್ತಿರಲಿಲ್ಲ. ಊಟದ ಟೇಬಲ್ಲಿನ ಮೇಲೆ ನನಗೂ ಹಾಗೇ ಕಲಿಸಿದ್ದರು. ಅವನ್ನು ನಾಲ್ಕು ಸಾಲಿನ ನಿಯಮವಾಗಿ ಬರೆದು ಓಡಿಸಿದೆ. ಪರದೆಯ ಮೇಲೆ ಆ ಆಟಗಾರನ ಬಿಲ್ಲೆಗಳು ನಿಧಾನವಾಗಿ ಇಳಿಯುತ್ತ ಹೋದವು. ಬ್ಯಾಂಕಿಗೆ ಹತ್ತೊಂಬತ್ತು ಕಾಣುತ್ತಿದ್ದರೂ ಹದಿನೆಂಟಕ್ಕೆ ನಿಂತು ಸೋಲುವುದು, ಮತ್ತೆ ಸೋಲುವುದು. ಈಗ ನನ್ನೊಳಗೆ ಏನಾದರೂ ಆಗಬಹುದು ಎಂದು ಕಾದೆ. ಏನೂ ಆಗಲಿಲ್ಲ. ಅದನ್ನು ಓಡಲು ಬಿಟ್ಟು, ಎದ್ದು ಹೋಗಿ ಅಕ್ಕಿ ತೊಳೆದಿಟ್ಟೆ.

ಕಮಿಟಿ ಸೇರಿದ ದಿನ ಫಲಿತಾಂಶವನ್ನು ಪರದೆಯ ಮೇಲೆ ತೋರಿಸಿ ವಿವರಿಸಿದೆ. ಮುಗಿದ ಮೇಲೆ ದೇವರಾಜ್ ಕೇಳಿದರು, “ನಿಮ್ಮ ಯಜಮಾನ್ರು ಆ ಜಾಗದಲ್ಲಿ ಕೂತಿದ್ದಿದ್ರೆ ಇಪ್ಪತ್ತರ ಮೇಲೆ ಎಲೆ ಕೇಳ್ತಿದ್ರಾ ಮೇಡಂ?”

“ಕೇಳ್ತಿರಲಿಲ್ಲ. ಸೋಲ್ತಿದ್ರು” ಎಂದೆ.

ಕಮಿಟಿಯಲ್ಲಿದ್ದ ಡಾಕ್ಟರೊಬ್ಬರು ಸರಿಯಾದ ಪ್ರಶ್ನೆ ಎತ್ತಿದರು. ಆಟ ಸರಿ ಎಂದು ತೋರಿಸಿದಿರಿ, ಶಿವಣ್ಣ ಸನ್ನೆ ಮಾಡಲೇ ಇಲ್ಲ ಎಂದು ಇದರಿಂದ ಸಾಬೀತಾಯಿತೇ ಎಂದು ಕೇಳಿದರು.

“ಇಲ್ಲ” ಎಂದೆ. “ಅದನ್ನ ಯಾವ ಕಂಪ್ಯೂಟರೂ ಹೇಳಲ್ಲ. ಆದರೆ ನೀವು ಅನುಮಾನ ಪಟ್ಟಿದ್ದು ಆ ಎರಡು ಆಟ ನೋಡಿ. ಆ ಆಟ ಆಡೋಕೆ ಸನ್ನೆ ಬೇಕಿಲ್ಲ. ನಿಮ್ಮ ಹತ್ತಿರ ಬೇರೆ ಕಾರಣ ಏನಿದೆ?”

ಬೇರೆ ಕಾರಣ ಇರಲಿಲ್ಲ. ಅರ್ಧ ಗಂಟೆಯೊಳಗೆ ಆರೋಪ ಕೈಬಿಟ್ಟರು. ಶೀಲ್ಡನ್ನು ಇಕ್ಬಾಲ್ ಅವರ ಆಫೀಸಿಗೆ ಕಳಿಸಿಕೊಟ್ಟರು. ಶಿವಣ್ಣನಿಗೆ ಫೋನ್ ಮಾಡಿ ಕೆಲಸಕ್ಕೆ ಬರಲು ಹೇಳಿದರು. ಕ್ಷಮೆ ಕೇಳಿದರೋ ಇಲ್ಲವೋ ನನಗೆ ತಿಳಿಯದು. ದೇವರಾಜ್ ನನ್ನನ್ನು ಕಾರಿನಲ್ಲಿ ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಕಾಫಿ ಕೊಯ್ಲಿಗೆ ಆಳು ಸಿಗದ ವಿಷಯ ಮಾತಾಡಿದರು.

ಕೆಲವು ತಿಂಗಳ ನಂತರ ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಶಿವಣ್ಣ ಸಿಕ್ಕಿದರು. ಊರಿಗೆ ಹೊರಟಿದ್ದರು. ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳಿದೆ. ಬಿಲಿಯರ್ಡ್ಸ್ ಟೇಬಲ್ ಮಾತ್ರ ನೋಡಿಕೊಳ್ಳುತ್ತಿದ್ದೇನೆ, ಎಲೆ ಹಂಚಲು ಬೇರೆಯವರನ್ನು ಇಟ್ಟುಕೊಂಡಿದ್ದಾರೆ ಎಂದರು. ಅವರೇ ತೆಗೆದರೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದರು.

“ನಾನೇ ಬ್ಯಾಡ ಅಂದ್ಬುಟ್ಟೆ ಮೇಡಂ. ಬಾಯಲ್ಲಿ ಏನೂ ಅನ್ನಲ್ಲ, ಚೆನ್ನಾಗೇ ಮಾತಾಡಿಸ್ತಾರೆ. ಎಲೆ ಹಂಚಾಕೆ ಕೂತ್ರೆ ಎಲ್ರ ಕಣ್ಣೂ ನನ್ ಕೈ ಮೇಲೇ ಇರ್ತೈತೆ.”

ಆಲೂರಿನ ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತು, ಬಸ್ಸು ಹೊರಡುವಾಗ ಕೈಯೆತ್ತಿದರು. ನಾನೂ ಎತ್ತಿದೆ. ಮನೆಗೆ ನಡೆದು ಬರುವಾಗ ಅಳು ಬಂತು. ಕಣ್ಣೊರೆಸಿಕೊಂಡೆ. ಅದು ಯಾರಿಗಾಗಿ ಬಂದದ್ದು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ.

ನನ್ನ ಲೆಕ್ಕ ಸರಿಯಾಗಿತ್ತು. ಅದರಿಂದ ಒಬ್ಬರ ಕೆಲಸ ಉಳಿಯಿತು, ಇನ್ನೊಬ್ಬರ ಹೆಸರು ಉಳಿಯಿತು. ಅದಕ್ಕಿಂತ ಹೆಚ್ಚಿನದನ್ನು ಮಾಡಲು ಅದಕ್ಕೆ ಆಗುತ್ತಿರಲಿಲ್ಲ. ಮೊದಲ ದಿನವೇ ಯಾರಾದರೂ ಶಿವಣ್ಣನನ್ನು ಕೂರಿಸಿಕೊಂಡು ಕೇಳಿದ್ದರೆ ಬಹುಶಃ ಲೆಕ್ಕವೇ ಬೇಕಾಗುತ್ತಿರಲಿಲ್ಲ. ನಿವೃತ್ತಿಯವರೆಗೆ ಪ್ರಾಜೆಕ್ಟಿಗೆ ಬಂದ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುತ್ತಿದ್ದೆ: ಅಂಕಿ ಅಂಶದ ಹಿಂದೆ ಮನುಷ್ಯರಿದ್ದರೆ, ಕಂಪ್ಯೂಟರ್ ತೆರೆಯುವ ಮೊದಲು ಹೋಗಿ ಅವರನ್ನು ಮಾತಾಡಿಸಿ ಬನ್ನಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇರಲಿಲ್ಲ. ಒಂದಿಬ್ಬರು ಹೋಗಿ ಬರುತ್ತಿದ್ದರು.