ಅಣಕು ಪರೀಕ್ಷೆಯ ಮೊದಲ ಅಭ್ಯರ್ಥಿ

ಬೆಳಗಿನ ಆರೂವರೆ. ಚನ್ನಪಟ್ಟಣದ ಖಾಸಗಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ರಾಧಾಮಣಿ ಸೆರಗು ಸಿಕ್ಕಿಸಿಕೊಂಡು ಹನ್ನೊಂದನೇ ಯಂತ್ರದ ಮುಂದೆ ಕೂತಿದ್ದಾರೆ. ಒಂಬತ್ತಕ್ಕೆ ಆನ್‌ಲೈನ್ ಪರೀಕ್ಷೆ. ಅಷ್ಟರಲ್ಲಿ ನಲವತ್ತೆಂಟನ್ನೂ ನೋಡಿ ಮುಗಿಸಬೇಕು. ಹೊಂಗನೂರಿನಿಂದ ಮೊದಲ ಬಸ್ಸಿಗೆ ಬಂದ ಇವರಿಗೆ ಇನ್ನೂ ಕಾಫಿ ಆಗಿಲ್ಲ. ಪತ್ರಿಕೆಗಾಗಿ ಇವರನ್ನು ಮಾತಾಡಿಸುತ್ತಾ ಕೂತ ನನಗೂ ಇಲ್ಲ.

ಒಂಬತ್ತು ವರ್ಷದಿಂದ ಇಲ್ಲಿ ಲ್ಯಾಬ್ ಸಹಾಯಕಿಯಾಗಿರುವ ಇವರು ಹುಡುಕುತ್ತಿರುವುದು ‘ಬೊಂಬೆ ಕಂಪ್ಯೂಟರ್’. ಪುಸ್ತಕದಲ್ಲಿ ಅದರ ಹೆಸರು ವರ್ಚುವಲ್ ಮಷಿನ್: ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಪಾಠಕ್ಕೆ ಅದು ಬೇಕು. ಪರೀಕ್ಷೆಗೆ ಕೂಡದು, ಯಾಕೆಂದರೆ ಒಳಗಿನದರಲ್ಲಿ ಉತ್ತರ ಬರೆಯುತ್ತಾ ಹೊರಗಿನದರಲ್ಲಿ ನೋಟ್ಸ್ ತೆರೆದಿಡಬಹುದು. ನೀವು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಎನ್ನುವವರಿಗೆ ಬರವೇ?

“ಪರೀಕ್ಷೆ ಸಾಫ್ಟ್‌ವೇರ್ ಶುರುವಾಗ್ತಿದ್ದಂಗೇ ಮಷಿನ್ನಿನ ಜಾತಕ ಕೇಳ್ತದೆ ಸಾರ್. ಬೋರ್ಡು ಯಾವ ಕಂಪ್ನೀದು, ಡಿಸ್ಕ್ ಹೆಸ್ರೇನು, ನೆಟ್‌ವರ್ಕ್ ಕಾರ್ಡಿನ ನಂಬರ್ ಹೆಂಗ್ ಶುರುವಾಯ್ತದೆ ಅಂತ. ಬೊಂಬೇದಾದ್ರೆ ಅಲ್ಲೆಲ್ಲಾ ಅದನ್ನ ಮಾಡಿದ ಸಾಫ್ಟ್‌ವೇರ್ ಹೆಸ್ರೇ ಇರ್ತದೆ. ಸಿಕ್ಕಾಕ್ಕೊಂಬುಡ್ತದೆ.”

ಹೋದ ವರ್ಷ, 2008ರಲ್ಲಿ, ಹಿಂದಿನ ಸಂಜೆ ಪಾಠಕ್ಕೆ ತೆರೆದ ಬೊಂಬೆಯೊಂದು ಪರದೆ ತುಂಬಾ ಹಾಗೇ ಉಳಿದಿತ್ತು. ನೋಡಲು ಥೇಟ್ ನಿಜದ್ದೇ, ರಾಧಾಮಣಿಗೂ ತಿಳಿಯಲಿಲ್ಲ. ಕನಕಪುರದಿಂದ ಬಂದಿದ್ದ ಮೇಘನಾ ಎಂಬ ಹುಡುಗಿ ಅಲ್ಲಿ ಕೂತಳು, ಸಾಫ್ಟ್‌ವೇರ್ ಒಪ್ಪಲಿಲ್ಲ. ಕಾರಣ ತಿಳಿದು ಜಾಗ ಬದಲಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. “ಆ ಮಗು ಗಡಿಯಾರಾನೇ ನೋಡ್ತಿತ್ತು. ಈಗ್ಲೂ ಕಣ್ಮುಂದೇ ಐತೆ.” ಅಂದಿನಿಂದ ಪ್ರತಿ ಯಂತ್ರದಲ್ಲೂ ಅಣಕು ಪರೀಕ್ಷೆ ನಡೆಸಿ ನೋಡದೆ ಇವರು ಬಾಗಿಲು ತೆಗೆಯುವುದಿಲ್ಲ.

ಅಣಕು ಪರೀಕ್ಷೆಗೂ ಅಭ್ಯರ್ಥಿಯ ಹೆಸರು ಬೇಕು. ಇವರು ತಮ್ಮದನ್ನೇ ಹಾಕುತ್ತಾರೆ. ಐದು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರಿಸಿದರೆ ಸಾಕು, ಇವರು ಐದಕ್ಕೂ ಉತ್ತರಿಸುತ್ತಾರೆ. ಎಂಟೂವರೆಗೆ ನಲವತ್ತೆಂಟು ರಾಧಾಮಣಿಯರನ್ನೂ ಅಳಿಸಿ ಹೊರಗೆ ನಿಲ್ಲುತ್ತಾರೆ. ಪಿಯುಸಿ ಮುಗಿಸಿದ ವರ್ಷವೇ ತಾಯಿ ತೀರಿಕೊಂಡು ಮನೆ, ರೇಷ್ಮೆ ಹುಳು, ಇಬ್ಬರು ತಂಗಿಯರ ಹೊಣೆ ಎಲ್ಲವೂ ಇವರ ಪಾಲಿಗೆ ಬಿತ್ತು. ಪರೀಕ್ಷೆ ಬರೆಯುವ ಆಸೆ ಮಾತ್ರ ಹೋಗಲಿಲ್ಲ.

“ಬಾಗ್ಲಾಚೆ ನಿಂತ್ಕಂಡು ಒಳಗೆ ಕೀ ಒತ್ತೋ ಸದ್ದು ಕೇಳ್ತಿರ್ತೀನಲ್ಲ, ಆಗ ಒಸಿ ಸಂಕಟ ಆಯ್ತದೆ. ಒಂದ್ಸಲ ನನ್ ಹೆಸ್ರು ಅಳಿಸ್ದೆ ಉಳಿಯೋ ಕಡೆ ಕೂತ್ಕಬೇಕು.”

ಈ ಸಲ ಗುಮಾಸ್ತೆ ಹುದ್ದೆಗೆ ಅರ್ಜಿ ಹಾಕಿದ್ದಾರೆ. ವಯೋಮಿತಿಯ ಪ್ರಕಾರ ಇದೇ ಕೊನೆಯ ಅವಕಾಶ. ಅದರ ಪರೀಕ್ಷೆಯನ್ನು ತಾವು ಕೆಲಸ ಮಾಡುವ ಕೇಂದ್ರದಲ್ಲಿ ಬರೆಯುವಂತಿಲ್ಲ. ಬರುವ ಭಾನುವಾರ ಮೈಸೂರಿನ ಯಾವುದೋ ಲ್ಯಾಬಿಗೆ ಹೋಗಬೇಕು. ಅಲ್ಲಿ ಯಂತ್ರವನ್ನು ಮೊದಲೇ ಮುಟ್ಟಿ ನೋಡಲು ಬಿಡುವುದಿಲ್ಲವಲ್ಲ, ಭಯವಿಲ್ಲವೇ ಎಂದು ಕೇಳುತ್ತೇನೆ.

ಇವರು ಹನ್ನೆರಡನೇ ಯಂತ್ರಕ್ಕೆ ಸರಿದು ತಮ್ಮ ಹೆಸರು ಬರೆಯತೊಡಗುತ್ತಾರೆ.

“ಅಲ್ಲೂ ಬೆಳಿಗ್ಗೇನೇ ಯಾರೋ ಒಬ್ರು ಕಾಫಿ ಕುಡೀದೆ ನೋಡಿರ್ತಾರೆ ಸಾರ್. ಅವ್ರನ್ನ ನಂಬ್ಕಂಡು ಕೂತ್ಕತೀನಿ.”